ಸಂಪಾದಕರ ಉತ್ತರ: ಆ 2,500 ರೂಪಾಯಿ ವೋಚರ್ ತಗೊಳ್ಳೋದಾ, ಬಿಡೋದಾ?

ದಾವಣಗೆರೆಯಿಂದ ಒಬ್ಬ ಹೈಸ್ಕೂಲ್ ಟೀಚರ್ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದ ಇತ್ತು, ಮುಖ್ಯವಾದದ್ದು ಇಷ್ಟು:

"ಮಾಲ್‌ನಲ್ಲಿ ಒಬ್ಬ ಹುಡುಗ ನಿಲ್ಲಿಸಿ ಕ್ರೆಡಿಟ್ ಕಾರ್ಡ್ ತಗೊಳ್ಳಿ ಮೇಡಂ ಅಂದ. ಸೇರುವುದಕ್ಕೆ 1,000 ರೂಪಾಯಿ ಫೀ, 60 ದಿನದಲ್ಲಿ 60,000 ಖರ್ಚು ಮಾಡಿದರೆ 2,500 ರೂಪಾಯಿ ಶಾಪಿಂಗ್ ವೋಚರ್. ನನ್ನ ಹತ್ತಿರ ಇವತ್ತಿನವರೆಗೂ ಕ್ರೆಡಿಟ್ ಕಾರ್ಡ್ ಇಲ್ಲ. ಮೈದುನನ ಹತ್ತಿರ ಏಳು ಇವೆ. ‘ಬಿಟ್ಟಿ ದುಡ್ಡು ಅತ್ತಿಗೆ, ಬಿಡಬೇಡಿ’ ಅಂತಾನೆ. ಡಲ್ಲಾಸ್‌ನಲ್ಲಿರುವ ನಮ್ಮಣ್ಣನಿಗೆ ಬರೀ ಅಕೌಂಟ್ ತೆಗೆದಿದ್ದಕ್ಕೇ ಬ್ಯಾಂಕಿನವರು 300 ಡಾಲರ್ ಕೊಟ್ಟರಂತೆ. ನಮ್ಮ ಬ್ಯಾಂಕುಗಳು ಯಾಕೆ ಹಾಗೆ ಕೊಡಲ್ಲ? ಮನೆ ಖರ್ಚು ತಿಂಗಳಿಗೆ 15,000, ಅದರಲ್ಲಿ ಪೆಟ್ರೋಲ್ 2,500. ಜೂನ್‌ನಲ್ಲಿ ಮಗಳ ಸ್ಕೂಲ್ ಫೀ 28,000 ಕಟ್ಟಬೇಕು. ಮುಂದಿನ ವರ್ಷ ಮನೆ ಸಾಲ ತಗೊಳ್ಳುವ ಯೋಚನೆಯೂ ಇದೆ. ಕಾರ್ಡ್ ತಗೊಳ್ಳಲೋ ಬೇಡವೋ?"

ಮೇಡಂ, ಮೊದಲು ನನ್ನ ಗೋಡೆ ಗಡಿಯಾರದ ಕಥೆ ಹೇಳಿಬಿಡುತ್ತೇನೆ.

ಸುಮಾರು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಒಂದು ಬ್ಯಾಂಕಿನ ಹುಡುಗ ಬಂದಿದ್ದ. ತಿಂಗಳ ಕೊನೆ, ಟಾರ್ಗೆಟ್ ಮುಟ್ಟಿಲ್ಲ, ಮುಖ ಬಾಡಿತ್ತು. ಉಳಿತಾಯ ಖಾತೆ ತೆಗೆಯಿರಿ ಸಾರ್, ಗಿಫ್ಟ್ ಇದೆ ಅಂದ. ತೆಗೆದೆ. ಗಿಫ್ಟ್ ಅಂದರೆ ಬ್ಯಾಂಕಿನ ಹೆಸರು ಬರೆದಿದ್ದ ಒಂದು ಪ್ಲಾಸ್ಟಿಕ್ ಗೋಡೆ ಗಡಿಯಾರ. 5,000 ಹಾಕಿ ಮರೆತುಬಿಟ್ಟೆ. ತಿಂಗಳ ಸರಾಸರಿ 10,000 ಇರಬೇಕು ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇತ್ತಂತೆ, ಓದಿದವರು ಯಾರು? ಒಂದೂವರೆ ವರ್ಷ ಬಿಟ್ಟು ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ 1,400 ಉಳಿದಿತ್ತು. ಗಡಿಯಾರ 3,600 ರೂಪಾಯಿಗೆ ಬಿತ್ತು. ಖಾತೆ ಮುಚ್ಚಿಸುವುದಕ್ಕೆ ತೆಗೆದ ಬ್ರಾಂಚಿಗೇ ಹೋಗಬೇಕು ಅಂದರು, ಅರ್ಧ ದಿನ ರಜೆ ಹಾಕಿದೆ, ಅದರ ಲೆಕ್ಕ ಬೇರೆ.

ಗಡಿಯಾರವೇ ಯಾಕೆ, 2,000 ರೂಪಾಯಿ ನಗದು ಯಾಕಿಲ್ಲ ಅಂತ ಆಗ ಯೋಚಿಸಿರಲಿಲ್ಲ. ನಿಮ್ಮ ಅಣ್ಣನ ವಿಷಯದಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಠೇವಣಿ ಸೆಳೆಯಲು ಲಾಟರಿ, ಬಹುಮಾನ, ಪ್ರವಾಸ ಅಂತ ಆಸೆ ತೋರಿಸಬಾರದು, ಉಡುಗೊರೆ ಕೊಟ್ಟರೂ 250 ರೂಪಾಯಿ ಮೀರಬಾರದು ಅಂತ ರಿಸರ್ವ್ ಬ್ಯಾಂಕ್ ಠೇವಣಿ ಬಡ್ಡಿಯ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲೇ ಬರೆದಿದೆ. ಹಾಗಾಗಿ ಉಳಿತಾಯ ಖಾತೆಗೆ ನಮ್ಮಲ್ಲಿ ಸಿಗುವುದು ಪೆನ್ನು, ಡೈರಿ, ಹೆಚ್ಚೆಂದರೆ ಗಡಿಯಾರ. ದೊಡ್ಡ ಮೊತ್ತದ ಆಮಿಷ ಬರುವುದು ಕಾರ್ಡಿನ ಬಾಗಿಲಿಂದ, ಆ್ಯಪ್‌ಗಳ ಬಾಗಿಲಿಂದ. ನೆನಪಿದೆಯಾ, 2017ರಲ್ಲಿ ಗೂಗಲ್‌ನವರು ತೇಜ್ ಅಂತ ಆ್ಯಪ್ ಬಿಟ್ಟಾಗ ಒಬ್ಬರನ್ನು ಸೇರಿಸಿದರೆ 51 ರೂಪಾಯಿ ಬರುತ್ತಿತ್ತು. ಊರಿನ ಹುಡುಗರೆಲ್ಲ ಅಜ್ಜಿ ಫೋನನ್ನೂ ಬಿಡಲಿಲ್ಲ. ಆ 51 ಯಾವತ್ತೋ ಕಾಫಿ ತಿಂಡಿಗೆ ಹೋಯಿತು, ಆ್ಯಪ್ ಹೆಸರು ಗೂಗಲ್ ಪೇ ಅಂತ ಬದಲಾಗಿ ಈಗಲೂ ನಮ್ಮ ಫೋನಲ್ಲೇ ಇದೆ. ಒಮ್ಮೆ ಒಳಗೆ ಬಂದವರು ಸೋಮಾರಿತನಕ್ಕಾದರೂ ಹೊರಗೆ ಹೋಗುವುದಿಲ್ಲ ಅಂತ ಅವರಿಗೆ ಗೊತ್ತು. ಕೊಡುವ ಬೋನಸ್ ಆ ಸೋಮಾರಿತನಕ್ಕೆ ಕಟ್ಟುವ ಅಡ್ವಾನ್ಸ್.

ಇನ್ನು ಅಣ್ಣನ 300 ಡಾಲರ್. "ಬರೀ ಅಕೌಂಟ್ ತೆಗೆದಿದ್ದಕ್ಕೆ" ಅನ್ನುವುದು ಪೂರ್ತಿ ಸರಿ ಇರಲಿಕ್ಕಿಲ್ಲ, ಕೇಳಿ ನೋಡಿ. ಅಲ್ಲಿ ಸಾಮಾನ್ಯವಾಗಿ ಇಷ್ಟು ದಿನದೊಳಗೆ ಸಂಬಳ ಆ ಖಾತೆಗೇ ಬರುವಂತೆ ಮಾಡಬೇಕು, ಇಲ್ಲಾ ಇಷ್ಟು ಹಣ ಇಷ್ಟು ದಿನ ಇಟ್ಟಿರಬೇಕು. ಬೇಗ ಮುಚ್ಚಿದರೆ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವ ಬ್ಯಾಂಕುಗಳೂ ಇವೆ. ಮೇಲಿಂದ ಆ ಬೋನಸ್ಸನ್ನು ಬಡ್ಡಿ ಅಂತಲೇ ಲೆಕ್ಕ ಹಿಡಿದು ತೆರಿಗೆ ಇಲಾಖೆಗೆ ತಿಳಿಸುತ್ತಾರೆ. ಅಣ್ಣ 22 ಪರ್ಸೆಂಟ್ ತೆರಿಗೆ ಹಂತದಲ್ಲಿದ್ದರೆ 66 ಡಾಲರ್ ಅಲ್ಲಿಗೆ ಹೋಯಿತು, ಕೈಗೆ 234. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೊಂದು ಪುಣ್ಯ. ಆದರೂ ಅವರಿಗೆ ಅದು ಒಳ್ಳೆಯ ವ್ಯಾಪಾರವೇ. ಯಾಕೆಂದರೆ ಸಂಬಳ ಹೇಗೂ ಬರುವುದೇ, ಎಲ್ಲಿಗೆ ಬರಬೇಕು ಅಂತ ಆಫೀಸಿನಲ್ಲಿ ಒಂದು ಫಾರ್ಮ್ ಬದಲಿಸಿದರಾಯಿತು. ಹೊಸದಾಗಿ ಒಂದು ಡಾಲರ್ ಖರ್ಚಿಲ್ಲ.

ನಿಮ್ಮ ಕಾರ್ಡಿನ ವಿಷಯದಲ್ಲೂ ನಾನು ನೋಡುವುದು ಇದನ್ನೇ. ವೋಚರ್ ಎಷ್ಟು ಅನ್ನುವುದು ಆಮೇಲೆ. ಅವರ ಷರತ್ತು ನೀವು ಈಗ ಬದುಕುತ್ತಿರುವ ರೀತಿಯೊಳಗೆ ಸುಮ್ನೆ ಕೂರುತ್ತದೋ, ಅಥವಾ ಅದಕ್ಕಾಗಿ ನೀವು ಏನಾದರೂ ಬದಲಿಸಬೇಕೋ?

ಪೆನ್ನು ತಗೊಳ್ಳಿ. ಫೀ 1,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 1,180. ಇದನ್ನು ಆ ಹುಡುಗ ಹೇಳಿರುವುದಿಲ್ಲ. 2,500ರಲ್ಲಿ ಕಳೆದರೆ 1,320. ಅದೂ ನಗದಲ್ಲ, ವೋಚರ್. ಯಾವ ಅಂಗಡಿಯದು ಕೇಳಿದಿರಾ? ನೀವು ಹೇಗೂ ಹೋಗುವ ಅಂಗಡಿಯಾದರೆ ದುಡ್ಡಿಗೆ ಸಮ. ಹೋಗದ ಅಂಗಡಿಯಾದರೆ 2,500ರ ವೋಚರ್ ಹಿಡಿದು 4,000ದ ಬಟ್ಟೆ ತರುತ್ತೀರಿ, ನಮ್ಮ ಮನೆಯಲ್ಲೇ ಆಗಿದೆ.

ಈಗ 60,000. ನಿಮ್ಮ ತಿಂಗಳ 15,000ದಲ್ಲಿ ಪೆಟ್ರೋಲ್ ತೆಗೆಯಿರಿ, ಇಂಥ ಆಫರ್‌ಗಳಲ್ಲಿ ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ಹಣ, ಎಟಿಎಂನಿಂದ ತೆಗೆದದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು 12,500, ಎರಡು ತಿಂಗಳಿಗೆ 25,000. ಅದೂ ಕಿರಾಣಿ ಅಂಗಡಿಯವರು, ಹಾಲಿನವರು, ತರಕಾರಿಯವರು ಎಲ್ಲರೂ ಕಾರ್ಡ್ ತಗೊಂಡರೆ. ದಾವಣಗೆರೆಯಲ್ಲಿ ನಿಮ್ಮ ತರಕಾರಿ ಅಜ್ಜಿ ಕಾರ್ಡ್ ಮೆಷಿನ್ ಇಟ್ಟಿದ್ದಾರಾ? ಸರಿ, ಇಟ್ಟಿದ್ದಾರೆ ಅಂತಲೇ ಹಿಡಿಯೋಣ. ಸ್ಕೂಲ್ ಫೀ 28,000 ಸೇರಿಸಿ. ಒಟ್ಟು 53,000. ಇನ್ನೂ 7,000 ಕಡಿಮೆ.

ಇಡೀ ಆಫರ್ ನಿಂತಿರುವುದು ಆ 7,000ದ ಮೇಲೆ ಮೇಡಂ. ಐವತ್ತೆಂಟನೇ ದಿನ ನೀವು ಮಿಕ್ಸಿ ಅಂಗಡಿಯಲ್ಲಿ ನಿಂತಿರುತ್ತೀರಿ, ಮನೆಯ ಮಿಕ್ಸಿ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೂ "ಹೇಗೂ ವೋಚರ್ ಬರುತ್ತಲ್ಲ" ಅಂತ ಹೊಸದು ತಗೊಳ್ಳುತ್ತೀರಿ. 1,320 ಉಳಿಸುವುದಕ್ಕೆ 7,000. ತಗೊಳ್ಳದೆ ಬಿಟ್ಟರೆ 53,000ದಲ್ಲಿ ನಿಂತಿರಿ, ವೋಚರ್ ಇಲ್ಲ, 1,180 ಹೋಯಿತು.

ಇನ್ನೊಂದು ಇದೆ. ಫೀಯನ್ನು ಕಾರ್ಡಲ್ಲಿ ಕಟ್ಟಿದರೆ ಮೇಲೆ ಒಂದೂವರೆ, ಎರಡು ಪರ್ಸೆಂಟ್ ಹಾಕುವ ಸ್ಕೂಲುಗಳಿವೆ. ನಿಮ್ಮದೂ ಹಾಗಿದ್ದು, ಒಂದೂವರೆ ಅಂದುಕೊಂಡರೆ 420 ರೂಪಾಯಿ. ಉಳಿತಾಯ ಈಗ 900ಕ್ಕೆ ಬಂತು.

ಮತ್ತೆ, ಒಂದು ತಿಂಗಳು ಕಾಲು ಜಾರಿದರೆ? 60,000ದ ಒಂದು ಬಿಲ್ ಬಂತು ಅಂತಿಟ್ಟುಕೊಳ್ಳಿ, ಅದರಲ್ಲಿ ದೊಡ್ಡ ಅಕ್ಷರದಲ್ಲಿ "ಕನಿಷ್ಠ ಪಾವತಿ" ಅಂತ 3,000 ತೋರಿಸುತ್ತಾರೆ. ಅಷ್ಟು ಕಟ್ಟಿದರೆ ಸಾಕು ಅಂದುಕೊಳ್ಳುವವರು ತುಂಬಾ ಜನ. ಉಳಿದ 57,000ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದರೆ 1,995, ಬಡ್ಡಿಯ ಮೇಲೂ ಜಿಎಸ್‌ಟಿ, ಎಲ್ಲ ಸೇರಿ 2,350 ದಾಟುತ್ತದೆ. ಒಂದೇ ತಿಂಗಳಲ್ಲಿ ಹೆಚ್ಚುಕಡಿಮೆ ಇಡೀ ವೋಚರ್ ಖಾಲಿ. ಬಾಕಿ ಇರುವಷ್ಟು ದಿನ ಹೊಸದಾಗಿ ತಗೊಂಡ ಸಾಮಾನಿಗೂ ಅವತ್ತಿನಿಂದಲೇ ಬಡ್ಡಿ ಓಡುತ್ತದೆ, ನಲವತ್ತೈದು ದಿನ ಬಡ್ಡಿ ಇಲ್ಲ ಅನ್ನುವ ಮಾತು ಪೂರ್ತಿ ಕಟ್ಟುವವರಿಗೆ ಮಾತ್ರ. ನಿಮ್ಮನ್ನು ನಾನು ಅನುಮಾನಿಸುತ್ತಿಲ್ಲ, ಟೀಚರ್ ಅಂದಮೇಲೆ ತಾರೀಖು ತಪ್ಪುವುದಿಲ್ಲ. ಆದರೆ ಜೂನ್ ತಿಂಗಳು ಎಂಥ ತಿಂಗಳು ಅಂತ ನಿಮಗೇ ಗೊತ್ತಲ್ವಾ.

ಮೈದುನನ ಏಳು ಕಾರ್ಡ್ ಬಗ್ಗೆ ನನಗೆ ತಕರಾರಿಲ್ಲ. ಕೆಲವರಿಗೆ ಇದು ಇಸ್ಪೀಟಿನ ಹಾಗೆ ಒಂದು ಆಟ. ಯಾವ ಕಾರ್ಡಿಗೆ ಯಾವಾಗ ವಾರ್ಷಿಕ ಫೀ ಬೀಳುತ್ತೆ, ಎಷ್ಟು ಖರ್ಚು ಮಾಡಿದರೆ ಅದು ಮನ್ನಾ, ಯಾವ ಪಾಯಿಂಟ್ ಯಾವಾಗ ಸಾಯುತ್ತೆ, ಎಲ್ಲ ಬಾಯಿಪಾಠ ಇರುತ್ತೆ. ಅಂಥವರು ನಿಜವಾಗಿಯೂ ದುಡ್ಡು ಮಾಡುತ್ತಾರೆ. ಒಂದು ಭಾನುವಾರ ಕೂರಿಸಿಕೊಂಡು, ಕಳೆದ ವರ್ಷ ಏಳು ಕಾರ್ಡಿಗೆ ಒಟ್ಟು ಎಷ್ಟು ಫೀ ಕಟ್ಟಿದೆ ಅಂತ ಕೇಳಿ. ತಟ್ಟನೆ ಉತ್ತರ ಬಂದರೆ ಅವನು ಆಟ ಬಲ್ಲವನು. "ಅದೂ... ನೋಡಬೇಕು ಅತ್ತಿಗೆ" ಅಂದರೆ ಅವನ ಸಲಹೆ ಪಕ್ಕಕ್ಕಿಡಿ.

ನಿಮಗೂ ಅವನಿಗೂ ಇನ್ನೊಂದು ವ್ಯತ್ಯಾಸ ಇದೆ, ನೀವು ಮನೆ ಸಾಲಕ್ಕೆ ಹೋಗುವವರು. ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನೀವು ಸಾಲ ತೀರಿಸಿದ ಚರಿತ್ರೆ, ತೆರೆಸುತ್ತದೆ, ಅದು ಅಲ್ಲಿ ದಾಖಲಾಗುತ್ತದೆ. ಒಂದು ಅರ್ಜಿಯಿಂದ ಏನೂ ಮುಳುಗುವುದಿಲ್ಲ. ಆರು ತಿಂಗಳಲ್ಲಿ ನಾಲ್ಕೈದು ಹಾಕಿದರೆ ಮಾತ್ರ, ಈಯಮ್ಮನಿಗೆ ದುಡ್ಡಿಗೆ ಅಷ್ಟು ಅರ್ಜೆಂಟಾ ಅಂತ ಸಾಲ ಕೊಡುವವರು ಹುಬ್ಬೇರಿಸುತ್ತಾರೆ. ಇದಕ್ಕೆ ವಿರುದ್ಧವಾದ ಮಾತೂ ನಿಜ: ಇಲ್ಲಿಯವರೆಗೆ ಯಾವ ಸಾಲವನ್ನೂ ಮಾಡದವರಿಗೆ ಆ ಚರಿತ್ರೆ ನೋಡಿ ಕೊಡುವ ಕ್ರೆಡಿಟ್ ಸ್ಕೋರೇ ಇರುವುದಿಲ್ಲ, ಒಂದು ಕಾರ್ಡ್ ಇಟ್ಟುಕೊಂಡು ಕರೆಕ್ಟಾಗಿ ಕಟ್ಟುತ್ತಾ ಹೋದರೆ ಮನೆ ಸಾಲಕ್ಕೆ ಅದು ಸಹಾಯವೇ. ಇಂಥ ರಿಪೋರ್ಟ್ ಇಡುವ ಕಂಪನಿಗಳು ಸಿಬಿಲ್ ಸೇರಿ ನಾಲ್ಕಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಿಮ್ಮದನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಅದೊಂದನ್ನು ಈ ವಾರವೇ ಮಾಡಿ.

ಹಾಗಾದರೆ? ನಾನಾಗಿದ್ದರೆ ಈ ಕಾರ್ಡ್ ಬಿಡುತ್ತೇನೆ. ನಿಮ್ಮ ಸಂಬಳ ಬರುವ ಬ್ಯಾಂಕಿಗೆ ಹೋಗಿ, ಸೇರುವುದಕ್ಕೂ ವರ್ಷಕ್ಕೂ ಫೀ ಇಲ್ಲದ ಕಾರ್ಡ್ ಇದೆಯಾ ಅಂತ ಕೇಳುತ್ತೇನೆ. ಅದಕ್ಕೆ ವೋಚರ್ ಬರಲಿಕ್ಕಿಲ್ಲ, ಹೋಗಲಿ. ತಿಂಗಳ ದಿನಸಿಯನ್ನು ಅದರಲ್ಲಿ ತಗೊಂಡು, ಬಿಲ್ ಪೂರ್ತಿ ತಾನಾಗಿ ಕಟ್ ಆಗುವಂತೆ ಖಾತೆಗೆ ಜೋಡಿಸಿಬಿಟ್ಟರೆ ಸ್ಕೋರ್ ತನ್ನಷ್ಟಕ್ಕೆ ಬೆಳೆಯುತ್ತದೆ. ಜೋಡಿಸುವಾಗ "ಪೂರ್ತಿ ಮೊತ್ತ" ಅಂತ ಆರಿಸಿ, "ಕನಿಷ್ಠ" ಅಂತ ಅಲ್ಲ. ಇದರಲ್ಲಿ ಎಡವಿದವರ ಪತ್ರಗಳೇ ನನ್ನ ಮೇಜಿನ ಮೇಲೆ ಒಂದು ಕಟ್ಟು ಇವೆ.

ಆ ಎರಡು ತಿಂಗಳಲ್ಲಿ ನೀವು ಹೇಗೂ ಒಂದು ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ತಗೊಳ್ಳುವವರಿದ್ದು, ಅದಕ್ಕೆ ದುಡ್ಡು ಈಗಾಗಲೇ ಕೂಡಿಟ್ಟಿದ್ದರೆ ನನ್ನ ಉತ್ತರ ತಿರುಗುತ್ತದೆ, ತಗೊಳ್ಳಿ ಅನ್ನುತ್ತೇನೆ. ಆಗ ಒಂದು ವಿಷಯ ನೋಡಿಕೊಳ್ಳಿ: 60 ದಿನ ಎಲ್ಲಿಂದ ಶುರು? ಸಾಮಾನ್ಯವಾಗಿ ಕಾರ್ಡ್ ಮಂಜೂರಾದ ದಿನದಿಂದ, ನೀವು ಮೊದಲ ಸಲ ಉಜ್ಜಿದ ದಿನದಿಂದ ಅಲ್ಲ. ಪೋಸ್ಟಿನಲ್ಲಿ ಹತ್ತು ದಿನ ಹೋದರೆ ಅದು ನಿಮ್ಮ ಲೆಕ್ಕದಲ್ಲೇ ಹೋಗುತ್ತದೆ. ಹುಡುಗನ ಬಾಯಿ ಮಾತು ಬೇಡ, ಷರತ್ತಿನ ಹಾಳೆ ವಾಟ್ಸಾಪ್ ಮಾಡು ಅನ್ನಿ.

ಈಗಾಗಲೇ ಫಾರ್ಮ್‌ಗೆ ಸಹಿ ಹಾಕಿಬಿಟ್ಟಿದ್ದರೂ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳ ಪ್ರಕಾರ, ಕಾರ್ಡ್ ಕೊಟ್ಟ ದಿನದಿಂದ 30 ದಿನ ಕಳೆದರೂ ನೀವು ಚಾಲೂ ಮಾಡದಿದ್ದರೆ ಅವರು ಓಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ಕೊಡದಿದ್ದರೆ ಏಳು ಕೆಲಸದ ದಿನದೊಳಗೆ, ನಿಮ್ಮಿಂದ ಏನೂ ತಗೊಳ್ಳದೆ, ಮುಚ್ಚಬೇಕು. ಚಾಲೂ ಮಾಡಿದ ಕಾರ್ಡನ್ನು ಮುಚ್ಚಿ ಅಂತ ನೀವೇ ಕೇಳಿದಾಗಲೂ ಬಾಕಿ ಇಲ್ಲದಿದ್ದರೆ ಏಳೇ ಕೆಲಸದ ದಿನ, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಈ ಸಾಲನ್ನು ಮೈದುನನಿಗೂ ಓದಿ ಹೇಳಿ, ಏಳು ಇವೆಯಲ್ಲ.

ಹಾಂ, ಪತ್ರದ ಕೊನೆಗೆ ನೀವು ಷೇರು ಇಡುವ ಡಿಮ್ಯಾಟ್ ಖಾತೆಯ ಬಗ್ಗೆ ಒಂದು ಸಾಲಲ್ಲಿ ಕೇಳಿದ್ದಿರಿ, ಯಾರೋ ಸ್ನೇಹಿತೆ ಸೇರು ಅಂತ ಲಿಂಕ್ ಕಳಿಸಿದ್ದಾರೆ ಅಂತ. ಷೇರು ತಗೊಳ್ಳುವ ಯೋಚನೆ ಇಲ್ಲದಿದ್ದರೆ ಸುಮ್ನೆ ಯಾಕೆ? ಇದ್ದರೆ ಬೇಸಿಕ್ ಡಿಮ್ಯಾಟ್ ಕೇಳಿ, ನಿಮ್ಮ ಹೆಸರಲ್ಲಿ ಡಿಮ್ಯಾಟ್ ಖಾತೆ ಅದೊಂದೇ ಇದ್ದು ಅದರಲ್ಲಿ 4 ಲಕ್ಷದವರೆಗಿನ ಷೇರು ಇದ್ದರೆ ವಾರ್ಷಿಕ ನಿರ್ವಹಣಾ ಶುಲ್ಕ ಇಲ್ಲ, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 2024ರಲ್ಲಿ ಆ ಮಿತಿ ಏರಿಸಿತು.

ಸ್ಕೂಲ್ ಆಫೀಸಿನಲ್ಲಿ ಕಾರ್ಡ್‌ಗೆ ಎಷ್ಟು ಜಾಸ್ತಿ ಹಾಕುತ್ತಾರೆ ಅಂತ ಕೇಳಿ ನನಗೊಂದು ಸಾಲು ಬರೆಯಿರಿ. ಏನೂ ಹಾಕಲ್ಲ ಅಂದರೆ ಆ 900 ಮತ್ತೆ 1,320 ಆಗುತ್ತದೆ. ತರಕಾರಿ ಅಜ್ಜಿಯ ಮೆಷಿನ್ ವಿಷಯವನ್ನೂ ಬರೆಯಿರಿ, ಅದು ಬರೀ ನನ್ನ ಕುತೂಹಲಕ್ಕೆ.