ತೂಬು ಮುಚ್ಚಿದ ಪಾಳೆಯಗಾರನಿಗೊಂದು ಕಾರಣ

ಪ್ರಶ್ನೆ: ಭಾನುವಾರ ಐದು ಜನ ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಆಟ) ಆಡಿಸುತ್ತೇನೆ. ಕಥೆ ನಡೆಯುವುದು ನಮ್ಮ ಸೀಮೆಯಂಥದೇ ಕಲ್ಲುಬೆಟ್ಟದ ನಾಡಿನಲ್ಲಿ. ಖಳ ಒಬ್ಬ ಪಾಳೆಯಗಾರ. ದೊಡ್ಡ ಕೆರೆಯ ತೂಬು ಮುಚ್ಚಿಸಿ ಕೆಳಗಿನ ಹನ್ನೆರಡು ಹಳ್ಳಿಗೆ ನೀರು ತಪ್ಪಿಸಿದ್ದಾನೆ. ಚಿಕ್ಕಂದಿನಲ್ಲಿ ತಂದೆತಾಯಿ ಕೊಲೆಯಾದರು ಎಂದು ನಾಲ್ಕು ಪುಟ ಹಿನ್ನೆಲೆಯನ್ನೂ ಬರೆದಿದ್ದೇನೆ. ಆದರೂ ಮೂರನೇ ವಾರಕ್ಕೇ ಗೆಳೆಯರು ‘ಇವನಿಗೇನು ಹುಚ್ಚಾ?’ ಅಂತ ನಗುತ್ತಿದ್ದಾರೆ. ಎಲ್ಲಿ ತಪ್ಪಿದೆ?
— ಓದುಗರು, ದಾವಣಗೆರೆ

ಉತ್ತರ: ಆ ನಾಲ್ಕು ಪುಟದಲ್ಲೇ ತಪ್ಪಿದೆ. ತಂದೆತಾಯಿ ಕೊಲೆಯಾದದ್ದು ಒಬ್ಬನ ಸಿಟ್ಟಿಗೆ ಕಾರಣವಾದೀತು, ತೂಬು ಮುಚ್ಚುವುದಕ್ಕೆ ಆಗಲಾರದು. ಅದೇ ದುಃಖ ಉಂಡ ಇನ್ನೊಬ್ಬ ಅನ್ನಛತ್ರ ಕಟ್ಟಿಸಿಯಾನು. ಮೇಲಾಗಿ ಆ ಪುಟಗಳನ್ನು ಓದಿರುವವರು ನೀವೊಬ್ಬರೇ. ಆಟಗಾರರ ಕಣ್ಣಿಗೆ ಬೀಳುವುದು ಮುಚ್ಚಿದ ತೂಬು, ಬಿರುಕು ಬಿಟ್ಟ ಗದ್ದೆ, ಅಷ್ಟೇ.

ಹಾಗಾಗಿ ಅವನು ಮಾಡಿದ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೆಳಗಿನ ಬಯಲು ಒಣಗಿದರೆ ಯಾರಿಗೆ ಅನುಕೂಲ? ಒಂದು ಉತ್ತರ: ಮುತ್ತಿಗೆಗೆ ಹೆದರುವವನಿಗೆ. ಎರಡು ತಿಂಗಳಲ್ಲಿ ದೊಡ್ಡ ಸೈನ್ಯವೊಂದು ಬಂದು ಕೋಟೆಯ ಬುಡದಲ್ಲಿ ಬೀಡು ಬಿಡಲಿದೆ. ಬಯಲಲ್ಲಿ ಪೈರಿದ್ದರೆ ಅದು ಶತ್ರುವಿನ ಕುದುರೆಗೆ ಮೇವು, ಸೈನಿಕನಿಗೆ ಕಾಳು. ಪೈರೇ ಇಲ್ಲದಿದ್ದರೆ ಮುತ್ತಿಗೆ ತಿಂಗಳೂ ನಿಲ್ಲುವುದಿಲ್ಲ. ಒಂದು ಬೆಳೆ ಹೋಗಲಿ, ಸೀಮೆ ಉಳಿಯಲಿ ಅನ್ನುವುದು ಅವನ ಲೆಕ್ಕ. ಹಳ್ಳಿಯವರಿಗೆ ಬಾಯಿ ಬಿಟ್ಟು ಹೇಳುವ ಹಾಗೂ ಇಲ್ಲ, ಸುದ್ದಿ ಸಂತೆ ಮುಟ್ಟಿದರೆ ಶತ್ರುವಿಗೂ ಮುಟ್ಟುತ್ತದೆ. ಈಗ ಅವನು ಹುಚ್ಚನಲ್ಲ. ಅವನಿಗೆ ಗೊತ್ತಿರುವಷ್ಟೇ ನಿಮಗೂ ಗೊತ್ತಿದ್ದರೆ ನಿಮ್ಮ ಕೈಯೂ ತೂಬಿನ ಹತ್ತಿರ ಹೋದೀತು.

ಇದನ್ನೆಲ್ಲ ಪೋಸ್ಟ್ ಕಾರ್ಡ್ ಅಳತೆಯ ಒಂದು ರಟ್ಟಿನಲ್ಲಿ ಹಿಡಿಸಿ, ಆಡಿಸುವಾಗ ಎದುರಿಗೇ ಇಟ್ಟುಕೊಳ್ಳಿ. ಏನು ಬೇಕು, ಯಾಕೆ ಈಗಲೇ ಬೇಕು ಎಂಬ ಎರಡು ಸಾಲು ಸಿಕ್ಕಾಯಿತು. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ಅದಕ್ಕೇ ಖಳ ಕಾಗದದ ಗೊಂಬೆಯಾಗಿ ಉಳಿಯುತ್ತಾನೆ. ಇನ್ನೆರಡು ಸಾಲು ಬೇಕು: ಇದಕ್ಕಾಗಿ ಅವನು ಏನು ಕಳೆದುಕೊಂಡ, ಮತ್ತು ಏನು ಬಂದರೂ ಯಾವ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕಳೆದುಕೊಂಡದ್ದು ಕಣ್ಣಿಗೆ ಕಾಣಬೇಕು. ಅಚ್ಚುಕಟ್ಟಿನಲ್ಲಿ ಅವನದೇ ಅಡಿಕೆ ತೋಟ ಇರಲಿ, ಎಲ್ಲಕ್ಕಿಂತ ಮೊದಲು ಒಣಗಿದ್ದು ಅದೇ ಆಗಿರಲಿ. ರಾಗಿ ಹೋದರೆ ಬರುವ ವರ್ಷ ಮತ್ತೆ ಬಿತ್ತಬಹುದು. ಅಡಿಕೆ ಸಸಿ ನೆಟ್ಟರೆ ಫಲ ಕಾಣುವುದಕ್ಕೇ ಐದಾರು ವರ್ಷ. ಚನ್ನಗಿರಿ ಕಡೆಯ ಗೆಳೆಯರು ನಿಮ್ಮ ಮೇಜಿನಲ್ಲಿದ್ದರೆ ಸುಳಿ ಒಣಗಿ ಜೋತುಬಿದ್ದ ಗರಿಯನ್ನು ಒಂದು ವಾಕ್ಯದಲ್ಲಿ ತೋರಿಸಿ ಸಾಕು, ‘ತನ್ನ ತೋಟವನ್ನೇ ಯಾಕೆ ಕೊಂದ?’ ಎಂದು ತಾವಾಗಿ ಕೇಳುತ್ತಾರೆ. ಆ ಪ್ರಶ್ನೆ ಅವರ ಬಾಯಿಂದ ಬಂದ ದಿನ ಅರ್ಧ ಕೆಲಸ ಮುಗಿದ ಹಾಗೆ. ಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲವೆಂಬ ಗೋಳು ಕೇಳಿಯೇ ಬೆಳೆದ ಊರು ನಿಮ್ಮದು. ಡ್ರ್ಯಾಗನ್‌ಗಿಂತ ಮುಚ್ಚಿದ ತೂಬು ಇಲ್ಲಿ ಹೆಚ್ಚು ಭಯ ಹುಟ್ಟಿಸುತ್ತದೆ.

ಮಾಡಲಾರದ ಕೆಲಸ: ಕುಡಿಯುವ ನೀರಿನ ಬಾವಿಗಳನ್ನು ಅವನು ಮುಟ್ಟುವುದಿಲ್ಲ. ಆಟಗಾರರು ಇದನ್ನು ಪತ್ತೆ ಹಚ್ಚಿದರೆ ಅವನೊಂದಿಗೆ ಮಾತಿಗೆ ಕೂರಲು ಅವರಿಗೊಂದು ಹಿಡಿ ಸಿಕ್ಕಿತು.

ಕೊನೆಗೆ, ಲೆಕ್ಕದಲ್ಲಿ ಒಂದೇ ಒಂದು ತಪ್ಪು ಇಡಿ. ಹಿಂದಿನ ಕಾಲದ ಸೈನ್ಯಗಳು ಸುತ್ತಲ ಹೊಲವನ್ನಷ್ಟೇ ನೆಚ್ಚಿಕೊಂಡಿರಲಿಲ್ಲ. ಲಂಬಾಣಿಗರ ಹೇರೆತ್ತುಗಳು ದೂರದಿಂದ ಧಾನ್ಯ ಹೊತ್ತು ತರುತ್ತಿದ್ದವು. ನಿಮ್ಮ ಶತ್ರುವಿಗೂ ಅಂಥ ಸಾಲು ಇದೆ, ಪಾಳೆಯಗಾರನಿಗೆ ಅದು ತಿಳಿದಿಲ್ಲ. ಅಂದರೆ ಹನ್ನೆರಡು ಹಳ್ಳಿ ಸುಮ್ಮನೆ ಒಣಗಿದವು. ಈ ಸುದ್ದಿ ಹಿಡಿದು ತಂದವರಿಗೆ ಕತ್ತಿಯಿಲ್ಲದೆಯೂ ಗೆಲ್ಲುವ ದಾರಿ ತೆರೆಯುತ್ತದೆ. ತಪ್ಪು ಎರಡು ಮೂರಾದರೆ ಮಾತ್ರ ಅವನು ದಡ್ಡನಾಗುತ್ತಾನೆ, ಗೆಳೆಯರು ಮತ್ತೆ ನಗುತ್ತಾರೆ.

ಯೋಜನೆ ಮುಂದೆ ಸಾಗಲು ಒಂದು ವೃತ್ತ ಬರೆದು ಆರು ಭಾಗ ಮಾಡಿ. ತೂಬಿಗೆ ಕಾವಲು, ಹಳೆಯ ನೀರುಗಂಟಿಯನ್ನು ತೆಗೆದು ತನ್ನವನನ್ನು ಇಡುವುದು, ದಾರಿ ಬದಿಯ ಬಣವೆಗಳಿಗೆ ಬೆಂಕಿ, ಹೀಗೆ ಒಂದೊಂದು ಭಾಗಕ್ಕೂ ಒಂದು ಕೆಲಸ. ಆಟಗಾರರು ಅಡ್ಡ ಬಾರದ ವಾರ ಒಂದು ಭಾಗ ತುಂಬಿ, ಅದರ ಗುರುತು ಮುಂದಿನ ವಾರ ಊರಲ್ಲಿ ಕಾಣಲಿ. ನಡುವೆ ‘ಟ್ವಿಸ್ಟ್’ ಕೊಡುವ ಆಸೆಗೆ ಉದ್ದೇಶವನ್ನೇ ಬದಲಿಸಬೇಡಿ. ಹಿಂದಿನ ಸುಳಿವುಗಳೆಲ್ಲ ಸುಳ್ಳಾಗುತ್ತವೆ, ಆಮೇಲೆ ಯಾರೂ ಸುಳಿವು ಹುಡುಕುವ ಗೋಜಿಗೆ ಹೋಗುವುದಿಲ್ಲ.

ಪ್ರಶ್ನೆ: ನನ್ನ ಖಳ ಕೊನೆಯ ಕಾಳಗದಲ್ಲಿ ತನ್ನ ಉದ್ದೇಶ ಹೇಳುವಂತೆ ಒಂದು ಪುಟ ಮಾತು ಬರೆದಿದ್ದೆ. ಎರಡನೇ ಸಾಲಿಗೇ ಬಾಣ ಬಿಟ್ಟರು. ಎರಡು ಸುತ್ತಿನಲ್ಲಿ ಸತ್ತ.
— ಓದುಗರು, ಚಿತ್ರದುರ್ಗ

ಉತ್ತರ: ಬಿಡದೆ ಇರುತ್ತಾರೆಯೇ! ಕಾಳಗದ ಒಂದು ಸುತ್ತು ಎಂದರೆ 6 ಸೆಕೆಂಡ್. ಅಷ್ಟರಲ್ಲಿ ಒಂದು ವಾಕ್ಯ ಹೇಳಬಹುದು, ಭಾಷಣ ಆಗುವುದಿಲ್ಲ. ಆಟಗಾರರು ಐದು ಜನರಿದ್ದರೆ ಒಂದು ಸುತ್ತಿನಲ್ಲಿ ಅವರದು ಐದು ಸರದಿ, ಅವನದು ಒಂದೇ ಸರದಿ. ಒಂಟಿಯಾಗಿ ನಿಂತವನು ಬೇಗ ಬೀಳುವುದು ಸಹಜ. ಕಾವಲಿನವರನ್ನು ಜೊತೆಗಿಡಿ, ಪೆಟ್ಟು ತಿಂದು ಅರ್ಧ ಬಲ ಕಳೆದ ಕೂಡಲೇ ಹಿಂದೆ ಸರಿಯುವಂತೆ ಆಡಿಸಿ. ಬದುಕಬೇಕೆಂಬ ಆಸೆಯೂ ಉದ್ದೇಶವೇ.

ಕಾಳಗಕ್ಕೆ ಬರುವ ಮುಂಚೆಯೇ ಅವನು ಯಾರೆಂದು ಅವರಿಗೆ ಗೊತ್ತಿರಬೇಕು. ಒಂದು ಸಂಗತಿಗೆ ಮೂರು ಸುಳಿವು, ಮೂರು ಬೇರೆ ಜಾಗದಲ್ಲಿ. ಮೇಲಿನ ಪಾಳೆಯಗಾರನನ್ನೇ ತೆಗೆದುಕೊಂಡರೆ: ರಾತ್ರಿ ಕೋಟೆ ಹತ್ತುವ ಮೇವಿನ ಬಂಡಿಗಳು, ದಾರಿಯಲ್ಲಿ ಸುಟ್ಟ ಬಣವೆ, ಮತ್ತು ಕೆಲಸ ಕಳೆದುಕೊಂಡ ನೀರುಗಂಟಿಯ ಮಾತು: ‘ದೊರೆ ಮೊದಲು ಮುಚ್ಚಿಸಿದ್ದು ತಮ್ಮ ತೋಟದ ಕಾಲುವೇನೇ ಸ್ವಾಮಿ.’ ಎರಡನ್ನು ಅವರು ಗಮನಿಸದೇ ಹೋದರೂ ಮೂರನೆಯದು ಉಳಿದಿರುತ್ತದೆ.

ಮುಖ್ಯ ಸುಳಿವನ್ನು ದಾಳದ ಹಿಂದೆ ಬಚ್ಚಿಡಬೇಡಿ. ಇನ್‌ಸೈಟ್ (ಎದುರಿನವರ ಮನಸ್ಸು ಅರಿಯುವ ಜಾಣ್ಮೆ) +3 ಇರುವವರು ಡಿಸಿ 15 (ಗೆಲ್ಲಲು ದಾಳ ಮತ್ತು ಜಾಣ್ಮೆ ಸೇರಿ ಮುಟ್ಟಬೇಕಾದ ಅಂಕಿ) ಮುಟ್ಟಲು ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು. ಅದು ನೂರಕ್ಕೆ 45 ಸಲ. ಮಿಕ್ಕ 55 ಸಲ ನಿಮ್ಮ ಖಳ ಮತ್ತೆ ಹುಚ್ಚನೇ. ಸುಳಿವು ಬಿಟ್ಟಿಯಾಗಿ ಸಿಗಲಿ. ದಾಳ ಗೆದ್ದವರಿಗೆ ಅದರ ಮೇಲೊಂದು ವಿವರ ಕೊಡಿ, ಹೇಳುವಾಗ ನೀರುಗಂಟಿಯ ದನಿ ನಡುಗಿತೋ ಇಲ್ಲವೋ ಅನ್ನುವಂಥದ್ದು.

ಪ್ರಶ್ನೆ: ಖಳನ ಮೇಲೆ ಕನಿಕರ ಹುಟ್ಟಿದರೆ ಆಟಗಾರರು ಅವನ ಕಡೆಗೇ ಸೇರಿಬಿಟ್ಟಾರೇ?
— ಓದುಗರು, ಹಿರಿಯೂರು

ಉತ್ತರ: ಸೇರಬಹುದು. ಕೊನೆಯ ಮದಕರಿ ನಾಯಕನ ಕಾಲದ ಚಿತ್ರದುರ್ಗವನ್ನು ನೋಡಿ. ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಮರಾಠರು. ಒಬ್ಬರ ಜೊತೆ ಹೋದರೆ ಇನ್ನೊಬ್ಬರು ಮೇಲೆ ಬೀಳುತ್ತಾರೆ, ಸುಮ್ಮನಿದ್ದರೆ ಇಬ್ಬರಿಗೂ ಅನುಮಾನ. 1779ರಲ್ಲಿ ಕೋಟೆ ಹೈದರನ ಪಾಲಾಯಿತು. ಆ ಇಕ್ಕಟ್ಟಿನಲ್ಲಿ ಕೂತ ದೊರೆ ನಾವು ಯಾವ ಬದಿಯಿಂದ ನೋಡುತ್ತೇವೆ ಎಂಬುದರ ಮೇಲೆ ವೀರನೂ ಆಗುತ್ತಾನೆ, ಮಾತಿಗೆ ತಪ್ಪಿದವನೂ ಆಗುತ್ತಾನೆ. ಓಬವ್ವನ ಕಿಂಡಿಯಲ್ಲಿ ನುಸುಳಿದ ಸೈನಿಕ ಕೂಡ ತಾನು ಖಳ ಎಂದುಕೊಂಡು ನುಸುಳಿರಲಾರ.

ಕನಿಕರ ಹುಟ್ಟಿದರೂ ಹಾನಿಯ ಮುಖ ಮರೆಯಾಗಬಾರದು. ‘ಹನ್ನೆರಡು ಹಳ್ಳಿ’ ಎಂಬ ಅಂಕಿಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಮೊದಲ ವಾರ ಅವರಿಗೆ ರೊಟ್ಟಿ ಹಾಕಿದ ಒಂದು ಮನೆ, ಆರನೇ ವಾರ ಎತ್ತು ಮಾರಿ ಗುಳೆ ಹೊರಟಿರಲಿ. ಇಷ್ಟಾದ ಮೇಲೂ ಪಾಳೆಯಗಾರನ ಕಡೆ ಸೇರುತ್ತೇವೆ ಅಂದರೆ ತಡೆಯಬೇಡಿ. ಸೇರಿದ ರಾತ್ರಿಯೇ ಅವನು ಪಂಜು ಕೊಟ್ಟು, ಮುಂದಿನ ಹಳ್ಳಿಯ ಬಣವೆಗೆ ಬೆಂಕಿ ಇಡುವ ಕೆಲಸ ಅವರಿಗೇ ಒಪ್ಪಿಸಲಿ.