ಆರು ವರ್ಷದಿಂದ ಬ್ಯಾಂಕ್ ಆಫೀಸರ್. ಈಗ ರಾಜ್ಯ ಲೆಕ್ಕಪತ್ರ ಇಲಾಖೆಗೆ ಆಯ್ಕೆಯಾಗಿದ್ದೇನೆ. ಸಂಬಳ ಕಡಿಮೆ, ಆದರೆ ಕೆಲಸ ಒಂದೇ ತಾನೆ, ಹೋಗಲೇ?

‘ಕೆಲಸ ಒಂದೇ ತಾನೆ’ ಅಂದಿದ್ದೀರಲ್ಲ, ನಾನೂ ಹಾಗೇ ಅಂದುಕೊಂಡು ಹೋದವನು. ಎಂಟು ವರ್ಷ ಬ್ಯಾಂಕಿನಲ್ಲಿದ್ದೆ. ಕೆಪಿಎಸ್‌ಸಿ ಬರೆದು, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ತರಬೇತಿ ಮುಗಿಸಿ, ಉತ್ತರ ಕರ್ನಾಟಕದ ಒಂದು ಜಿಲ್ಲಾ ಕಚೇರಿಗೆ ಲೆಕ್ಕಾಧಿಕಾರಿಯಾಗಿ ಸೇರಿದೆ. ಡೆಬಿಟ್ಟು, ಕ್ರೆಡಿಟ್ಟು, ವೋಚರು ಎಲ್ಲ ಗೊತ್ತಿದ್ದವು. ಹೊಸದಾಗಿ ಕಲಿಯುವುದು ಏನೂ ಇಲ್ಲ ಎಂಬ ಧೈರ್ಯ.

2008ರ ಮಾರ್ಚ್. ವಿದ್ಯಾರ್ಥಿನಿಲಯವೊಂದರ ಚಾವಣಿ ದುರಸ್ತಿಗೆ 18 ಲಕ್ಷ ಅನುದಾನ ಬಂದಿತ್ತು. ಟೆಂಡರ್ ತಡವಾಗಿ ಕೆಲಸ ಶುರುವೇ ಆಗಿರಲಿಲ್ಲ. 31 ದಾಟಿದರೆ ಆರ್ಥಿಕ ವರ್ಷ ಮುಗಿದು ಹಣ ಲ್ಯಾಪ್ಸ್, ಅಂದರೆ ಅನುದಾನ ರದ್ದು. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಸೂಪರಿಂಟೆಂಡೆಂಟ್ ಕಡತ ಹಿಡಿದು ಬಂದು, “ಸರ್, ಇದನ್ನ ಸರೆಂಡರ್ ಮಾಡಿಬಿಡೂಣ್ರಿ. ಮುಂದಿನ ವರ್ಷ ಮತ್ತ ಕೇಳೂಣು” ಅಂದರು. ಮಕ್ಕಳ ಪಾಲಿನ ಹಣ ಕೈಯಾರೆ ಬಿಟ್ಟುಕೊಡುವುದೇ ಅನ್ನಿಸಿತು ನನಗೆ. ಬಿಲ್ ಮಾಡಿಸಿದೆ, ಹಣ ಸೆಳೆಸಿದೆ, ಕಚೇರಿ ಮುಖ್ಯಸ್ಥರ ಪದನಾಮದಲ್ಲಿ ಉಳಿತಾಯ ಖಾತೆ ತೆರೆಸಿ ಅಲ್ಲಿಟ್ಟೆ. ಶೇ 3.5 ಬಡ್ಡಿಯೂ ಬರುತ್ತದೆ ಎಂದು ಟಿಪ್ಪಣಿ ಬರೆದೆ. ಒಂದು ರೂಪಾಯಿಯೂ ಯಾರ ಜೇಬಿಗೂ ಹೋಗಲಿಲ್ಲ.

ತಪ್ಪು ಎಲ್ಲಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಬ್ಯಾಂಕಿನಿಂದ ಬಂದವರು ಎಡವುವುದು ಇಲ್ಲೇ. ಬ್ಯಾಂಕಿನಲ್ಲಿ ವರ್ಷ ಬದಲಾದರೂ ಖಾತೆಯಲ್ಲಿನ ಬಾಕಿ ಮುಂದಕ್ಕೆ ಬರುತ್ತದೆ. ಸರ್ಕಾರದಲ್ಲಿ ಅನುದಾನ ಎಂದರೆ ಹಣವೇ ಅಲ್ಲ, ಖರ್ಚು ಮಾಡಲು ಕೊಟ್ಟ ಅನುಮತಿ. ಸಂವಿಧಾನದ 266ನೇ ವಿಧಿಯಂತೆ ರಾಜ್ಯದ ವರಮಾನ ಸರ್ಕಾರದ ಮುಖ್ಯ ಖಾತೆಯಾದ ಸಂಚಿತ ನಿಧಿಗೆ ಸೇರುತ್ತದೆ, ಕಾನೂನಿನ ಒಪ್ಪಿಗೆಯಿಲ್ಲದೆ ಅಲ್ಲಿಂದ ತೆಗೆಯುವಂತಿಲ್ಲ. ಶಾಸಕಾಂಗ ಧನವಿನಿಯೋಗ ಕಾಯ್ದೆಯಲ್ಲಿ ಕೊಡುವ ಒಪ್ಪಿಗೆ ಆ ಒಂದು ವರ್ಷಕ್ಕೆ, ಆ ಉದ್ದೇಶಕ್ಕೆ. ಅದಕ್ಕೇ ತಕ್ಷಣ ಬಟವಾಡೆಗೆ ಬೇಕಿಲ್ಲದ ಹಣವನ್ನು ಖಜಾನೆಯಿಂದ ಸೆಳೆಯಬಾರದು, ಲ್ಯಾಪ್ಸ್ ತಪ್ಪಿಸಲೆಂದು ಸೆಳೆಯಲೇಬಾರದು ಎಂಬ ನಿಯಮ. ತರಬೇತಿಯಲ್ಲಿ ಇದನ್ನು ಓದಿದ್ದೆ. ಕಳ್ಳರನ್ನು ತಡೆಯಲು ಮಾಡಿದ್ದು, ನನಗಲ್ಲ ಎಂದುಕೊಂಡಿದ್ದೆ.

ಹಣ ಸೆಳೆದ ಕ್ಷಣಕ್ಕೆ ಸರ್ಕಾರದ ಲೆಕ್ಕದಲ್ಲಿ ಅದು ‘ಖರ್ಚಾಯಿತು’. ಚಾವಣಿ ದುರಸ್ತಿಯಾಗಿದೆ ಎಂದು ನಾನು ಶಾಸಕಾಂಗಕ್ಕೆ ಸುಳ್ಳು ಹೇಳಿದಂತಾಯಿತು. ಸರ್ಕಾರ ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಸಾಲ ಎತ್ತುತ್ತಿರುವಾಗ ನಾನು ಅದರ ಹಣವನ್ನೇ ಶೇ 3.5ಕ್ಕೆ ಮಲಗಿಸಿದ್ದೆ. ಹಣ ಕೂಡಲೇ ಬೇಕಾಗಿದೆ ಎಂಬ ಪ್ರಮಾಣಪತ್ರದ ಕೆಳಗೆ ಇದ್ದದ್ದು ನನ್ನದೇ ಸಹಿ.

ಆಡಿಟ್‌ನವರು ಬಂದ ಎರಡನೇ ದಿನವೇ ಪಾಸ್‌ಬುಕ್ ಕೇಳಿದರು. ಅಸಲು, ಬಡ್ಡಿ ಎರಡನ್ನೂ ಚಲನ್ ಕಟ್ಟಿ ಖಜಾನೆಗೆ ಮರಳಿಸಿದೆವು. ನೋಟಿಸ್, ವಿಚಾರಣೆ, ಎರಡು ವಾರ್ಷಿಕ ವೇತನ ಬಡ್ತಿಗೆ ತಡೆ. ನನ್ನ ಕಿರಿಯರು ಪದೋನ್ನತಿಯಲ್ಲಿ ಮುಂದೆ ಹೋದರು. ಅದನ್ನು ತಡೆದುಕೊಂಡೆ. ಆದರೆ ಆ ಕೆಲಸಕ್ಕೆ ಈಗಾಗಲೇ ಖರ್ಚಾಗಿದೆ ಎಂದು ದಾಖಲೆ ಹೇಳುತ್ತಿದ್ದರಿಂದ ಎರಡು ವರ್ಷ ಮತ್ತೆ ಅನುದಾನ ಸಿಗಲಿಲ್ಲ. ಆ ಮಳೆಗಾಲ ಹಾಸ್ಟೆಲಿಗೆ ಹೋಗಿದ್ದೆ. ಹುಡುಗರು ಟ್ರಂಕುಗಳನ್ನು ಒಂದೇ ಮೂಲೆಗೆ ಒತ್ತಿ, ಸೋರುವಲ್ಲಿ ಬಕೆಟ್ ಇಟ್ಟು, ನೆನೆದ ನೋಟ್ ಪುಸ್ತಕಗಳನ್ನು ಹಗ್ಗದ ಮೇಲೆ ಒಣಹಾಕಿದ್ದರು. ಸೂಪರಿಂಟೆಂಡೆಂಟರ ಮಾತು ಕೇಳಿದ್ದರೆ ಮುಂದಿನ ಬಜೆಟ್ಟಿನಲ್ಲೇ ಕೇಳಬಹುದಿತ್ತು.

ಹಾಗಾಗಿ ಸಂಬಳದ ಲೆಕ್ಕ ಮೊದಲು ಬಿಡಿ. ಪಿಂಚಣಿಯ ಆಸೆಯಿಂದ ಹೋಗುವುದಾದರೂ ಬೇಡ: ಬ್ಯಾಂಕಿನಲ್ಲಿ 2010ರ ಏಪ್ರಿಲ್ ನಂತರ, ರಾಜ್ಯದಲ್ಲಿ 2006ರ ಏಪ್ರಿಲ್ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ಮೊತ್ತ ಖಚಿತವಿಲ್ಲದ ಹೊಸ ಪಿಂಚಣಿ ಯೋಜನೆ. ಬ್ಯಾಂಕಿನಿಂದ ಹೋದವರಿಗೆ ಸರ್ಕಾರದಲ್ಲಿ ಬೆಲೆಯಿಲ್ಲ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಂ. ನರಸಿಂಹಂ ರಿಸರ್ವ್ ಬ್ಯಾಂಕಿಗೆ ಸಂಶೋಧನಾ ಅಧಿಕಾರಿಯಾಗಿ ಸೇರಿ, ಕೇಂದ್ರದ ಆರ್ಥಿಕ ವ್ಯವಹಾರಗಳ ಇಲಾಖೆಗೆ ಹೋಗಿ, 1977ರಲ್ಲಿ ಅದೇ ಬ್ಯಾಂಕಿಗೆ ಗವರ್ನರ್ ಆಗಿ ಬಂದವರು.

ನನ್ನ ಕೇಳಿದರೆ ಹೋಗಿ. ಆದರೆ ಬ್ಯಾಂಕಿನ ಅನುಭವ ನೆರವಾಗುತ್ತದೆ ಎಂದು ನಂಬಿ ಹೋಗಬೇಡಿ, ಮೊದಲ ಎರಡು ವರ್ಷ ಅದೇ ನಿಮಗೆ ಅಡ್ಡ. ಸರ್ಕಾರಿ ಹಣದ ನಿಯಮಗಳಿರುವ ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ ಎರಡನ್ನೂ ಈಗಲೇ ತರಿಸಿಕೊಂಡು ಓದಲು ಶುರು ಮಾಡಿ. ಕಚೇರಿಯ ಹಳೆಯ ಸೂಪರಿಂಟೆಂಡೆಂಟ್ ಬೇಡ ಅಂದ ಕಡತಕ್ಕೆ ಅದೇ ದಿನ ಸಹಿ ಹಾಕಬೇಡಿ. ಮತ್ತೆ, ಬ್ಯಾಂಕಿನ ನಿರಾಕ್ಷೇಪಣಾ ಪತ್ರವಿಲ್ಲದೆ ಪರೀಕ್ಷೆ ಬರೆದಿದ್ದರೆ ರಾಜೀನಾಮೆ ಕೊಡುವ ಮೊದಲು ನಿಮ್ಮ ಎಚ್‌ಆರ್ ವಿಭಾಗದವರನ್ನು ಕಂಡು ಮಾತಾಡಿ.