‘ಗೊತ್ತಾಗುತ್ತದೆ’ ಅಂದರೆ ಯಾರಿಗೆ?

ಪ್ರಿಯ ಲೇಖಕರೇ,

ನಿಮ್ಮ ‘ಸಾವಿಲ್ಲದ ಗಣಕಗಳು’ ಲೇಖನ ತಲುಪಿತು. ಹಲವು ಗಣಕಗಳು ಸೇರಿ ಒಂದೇ ಲೆಕ್ಕ ಇಡುವಾಗ ಅವುಗಳಲ್ಲೊಂದು ಕೈಕೊಟ್ಟರೆ ಏನು ಗತಿ ಎಂಬ ಸಂಶೋಧನೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ, ಸಂತೋಷ. ಸ್ಯಾಟಲೈಟ್ ನಿಲ್ದಾಣದಿಂದ ಮೈಸೂರಿಗೆ ಹೊರಡುವ ಬಸ್ಸಿನ 12ನೇ ಸೀಟು, ಅದನ್ನು ಮಾರಲು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಒಂದೊಂದು ಸರ್ವರ್, ಅವುಗಳಲ್ಲಿ ಪೀಣ್ಯದ್ದು ನಾಯಕ, ಅಂದರೆ ಮಾರಾಟವನ್ನು ಮೊದಲು ಬರೆದುಕೊಂಡು ಉಳಿದವಕ್ಕೆ ಕಳಿಸುವ ಯಂತ್ರ: ಉದಾಹರಣೆ ಚೆನ್ನಾಗಿದೆ. ಎರಡನೇ ಪುಟದ ಮೂರು ವಾಕ್ಯಗಳು ಮಾತ್ರ ಎರಡು ದಿನದಿಂದ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿವೆ. ಈ ಪತ್ರ ಅವುಗಳ ಬಗ್ಗೆ.

‘ಪೀಣ್ಯದ ಸರ್ವರ್ ಕೆಟ್ಟ ಕೂಡಲೇ ಗೊತ್ತಾಗುತ್ತದೆ, ಹೊಸ ನಾಯಕನನ್ನು ಆರಿಸಲಾಗುತ್ತದೆ.’

ಗೊತ್ತಾಗುವುದು ಯಾರಿಗೆ? ವೈಟ್‌ಫೀಲ್ಡಿಗೆ ಕಾಣುವುದು ಇಷ್ಟೇ: ಪೀಣ್ಯದಿಂದ ಉತ್ತರ ಬಂದಿಲ್ಲ. ಯಂತ್ರ ಸತ್ತಿರಬಹುದು. ರಸ್ತೆ ಅಗೆದವರು ಕೇಬಲ್ ಕತ್ತರಿಸಿರಬಹುದು. ಯಂತ್ರ ಗಟ್ಟಿಮುಟ್ಟಾಗಿದ್ದೂ ಗಾರ್ಬೇಜ್ ಕಲೆಕ್ಷನ್‌ಗೆಂದು, ಅಂದರೆ ಬಳಸಿ ಬಿಟ್ಟ ಮೆಮೊರಿ ಗುಡಿಸಲೆಂದು, ಹತ್ತು ಸೆಕೆಂಡು ಮರಗಟ್ಟಿರಬಹುದು. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡವರು ಫೋನ್ ಎತ್ತಲಿಲ್ಲವೆಂದು ಯಾರೂ ತಿಥಿಯ ಸಾಮಾನು ಕಟ್ಟಿಸುವುದಿಲ್ಲವಲ್ಲ! ಸತ್ತದ್ದು ಯಾವುದು, ತಡವಾದದ್ದು ಯಾವುದು ಎಂದು ದೂರದಿಂದ ಹೇಳಲಾಗದು; ಈ ಸಂಶೋಧನೆಯ ತಾಯಿಬೇರೇ ಅದು. 1985ರಲ್ಲಿ ಗಣಕ ವಿಜ್ಞಾನಿಗಳಾದ ಫಿಶರ್, ಲಿಂಚ್, ಪ್ಯಾಟರ್ಸನ್ ತೋರಿಸಿದ್ದೂ ಇದರ ಮೇಲೆಯೇ ನಿಂತಿದೆ. ಸಂದೇಶ ತಲುಪಲು ಕಾಲಮಿತಿಯೇ ಇಲ್ಲದ ಕಡೆ, ಒಂದೇ ಒಂದು ಯಂತ್ರ ನಿಂತುಹೋಗುವ ಸಾಧ್ಯತೆ ಇದ್ದರೂ ಸಾಕು, ಚೀಟಿ ಎತ್ತುವಂಥ ಆಕಸ್ಮಿಕವನ್ನು ಬಳಸದ ಯಾವ ವಿಧಾನವೂ ‘ಒಮ್ಮತ ಆಗಿಯೇ ತೀರುತ್ತದೆ’ ಎಂದು ಖಾತ್ರಿ ಕೊಡಲಾರದು. ಮೊದಲ ಪುಟದಲ್ಲಿ ನೀವೇ ಇದನ್ನು ಹೆಸರಿಸಿದ್ದೀರಿ. ಪುಟ ತಿರುಗಿಸುವಷ್ಟರಲ್ಲಿ ಮರೆತಿರಿ.

ಯಂತ್ರಗಳು ಅನುಮಾನಿಸುತ್ತವೆ, ಅಷ್ಟೇ. ಯಂತ್ರಗಳು ಒಮ್ಮತಕ್ಕೆ ಬರಲು ಬಳಸುವ 2014ರ ರಾಫ್ಟ್ ವಿಧಾನವನ್ನೇ ನೋಡಿ. ನಾಯಕ ಯಂತ್ರ ಆಗಾಗ ‘ಇದ್ದೇನೆ’ ಎಂದು ಸುದ್ದಿ ಕಳಿಸುತ್ತಿರುತ್ತದೆ. ಆ ಸುದ್ದಿಗೆ ಎಷ್ಟು ಹೊತ್ತು ಕಾಯಬೇಕೆಂದು ಉಳಿದವು ತಮಗೊಂದು ಗಡುವನ್ನು, ಉದಾಹರಣೆಗೆ 150ರಿಂದ 300 ಮಿಲಿಸೆಕೆಂಡಿನ ನಡುವಿನದನ್ನು, ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತವೆ. ಎಲ್ಲಕ್ಕೂ ಒಂದೇ ಗಡುವಿದ್ದರೆ ಎಲ್ಲವೂ ಒಟ್ಟಿಗೆ ಚುನಾವಣೆಗೆ ನಿಂತು ಮತ ಒಡೆದುಹೋಗುತ್ತದೆ. ಸುದ್ದಿ ಬಾರದೆ ಗಡುವು ಮೀರಿದ ಯಂತ್ರ ಅವಧಿ ಸಂಖ್ಯೆಯನ್ನು (ಇದು ಎಷ್ಟನೇ ನಾಯಕತ್ವದ ಸರದಿ ಎಂಬ ಎಣಿಕೆ) ಒಂದರಷ್ಟು ಏರಿಸಿ, ತನ್ನ ಮತ ತಾನೇ ಹಾಕಿಕೊಂಡು, ಉಳಿದವರನ್ನು ಕೇಳುತ್ತದೆ. ಮೂರರಲ್ಲಿ ಎರಡು ಮತ ಸಿಕ್ಕರೆ ಪಟ್ಟ. ಇತ್ತ ಮರಗಟ್ಟಿದ್ದ ಪೀಣ್ಯ ಎದ್ದು, ಇನ್ನೂ ತಾನೇ ನಾಯಕ ಎಂದುಕೊಂಡು 12ನೇ ಸೀಟು ಮಾರಲು ಹೊರಡುತ್ತದೆ. ಅದರ ಸಂದೇಶದ ಮೇಲೆ ಅವಧಿ 7, ಉಳಿದೆರಡರ ಬಳಿ 8. ಅವು ಒಪ್ಪುವುದಿಲ್ಲ, 8 ಎಂಬುದನ್ನು ಕಂಡೊಡನೆ ಪೀಣ್ಯ ಪಟ್ಟ ಬಿಡುತ್ತದೆ. ಅನುಮಾನ ಸುಳ್ಳಾದರೆ ಸ್ವಲ್ಪ ತಡ ಆದೀತು, ಸೀಟು ಎರಡು ಸಲ ಬಿಕರಿಯಾಗದು. (ಪಟ್ಟ ಬಿಡುವ ಮುನ್ನ ‘12 ಖಾಲಿ ಇದೆ’ ಎಂದು ಹಳೆಯ ಲೆಕ್ಕ ತೋರಿಸೀತು, ಅದಕ್ಕೇ ಉತ್ತರ ಕೊಡುವ ಮೊದಲು ನಾಯಕ ಯಂತ್ರ ಬಹುಮತದವರನ್ನು ಒಮ್ಮೆ ಮಾತನಾಡಿಸಿಕೊಳ್ಳಬೇಕು.) ನಿಮ್ಮ ‘ಗೊತ್ತಾಗುತ್ತದೆ’ ಇಷ್ಟನ್ನೂ ನುಂಗಿ ನೀರು ಕುಡಿದಿದೆ.

‘ಟಿಕೆಟ್ ಎಲ್ಲ ಕಡೆ ದಾಖಲಿಸಲ್ಪಡುತ್ತದೆ ಹಾಗೂ ಪ್ರಯಾಣಿಕರಿಗೆ ತಿಳಿಸಲ್ಪಡುತ್ತದೆ.’

ನಾನು ಕರಡು ತಿದ್ದಲು ಕಲಿತ ಮೇಜಿನಲ್ಲಿ ಪ್ರತಿ ‘ಲ್ಪಡು’ವಿನ ಪಕ್ಕ ಕೆಂಪು ಶಾಯಿಯಲ್ಲಿ ‘ಯಾರು?’ ಎಂದು ಬರೆಯುವ ರೂಢಿಯಿತ್ತು. ಆಗ ವ್ಯಾಕರಣದ ಮಡಿ ಅನ್ನಿಸುತ್ತಿತ್ತು. ನಿಮ್ಮ ವಿಷಯದಲ್ಲಂತೂ ಕರ್ತೃ ತಪ್ಪಿದರೆ ಟಿಕೆಟ್ಟೇ ತಪ್ಪುತ್ತದೆ. ಯಾರು ಬರೆಯುತ್ತಾರೆ, ಎಲ್ಲಿ, ಯಾವುದಕ್ಕಿಂತ ಮೊದಲು?

‘ಎಲ್ಲ ಕಡೆ’ ಬರೆಯುವವರೆಗೆ ಕಾಯುವುದಾದರೆ ಒಂದು ಯಂತ್ರ ಮಲಗಿದರೂ ಕೌಂಟರ್ ಬಂದ್. ಬಹುಮತ ಬರೆದರೆ ಸಾಕು. ಆದರೆ ಬರೆದದ್ದು ಮೆಮೊರಿಯಲ್ಲೋ ಡಿಸ್ಕಿನಲ್ಲೋ? ಪ್ರೋಗ್ರಾಮು ‘ಬರೆ’ ಎಂದಾಗ ಅಕ್ಷರಗಳು ಮೊದಲು ಕೂರುವುದು ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಷಿನಲ್ಲಿ, ಅಂದರೆ ಕರೆಂಟು ಹೋದರೆ ಅಳಿಸುವ ತಾತ್ಕಾಲಿಕ ಮೆಮೊರಿಯಲ್ಲಿ. ಅವನ್ನು ಡಿಸ್ಕಿಗೆ ಇಳಿಸು ಎನ್ನುವ ಎಫ್‌ಸಿಂಕ್ ಕರೆ ಮುಗಿದ ಮೇಲೆಯೇ ‘ಬರೆದೆ’ ಎನ್ನಬೇಕು. ಅವಸರಪಟ್ಟರೆ ಹೀಗಾಗುತ್ತದೆ. ಪೀಣ್ಯ ಬರೆಯಿತು, ವೈಟ್‌ಫೀಲ್ಡ್ ಮೆಮೊರಿಯಲ್ಲಿಟ್ಟುಕೊಂಡೇ ‘ಹೂಂ’ ಅಂದಿತು, ಪ್ರಯಾಣಿಕರಿಗೆ ಟಿಕೆಟ್ ಹೋಯಿತು. ವೈಟ್‌ಫೀಲ್ಡಿನಲ್ಲಿ ಕರೆಂಟು ಹೋಗಿ ಬಂತು, ದಾಖಲೆ ಅಳಿಸಿತು. ಆಮೇಲೆ ಪೀಣ್ಯ ನಿಂತಿತು. ಉಳಿದ ಎರಡು ಸೇರಿ ನಾಯಕನನ್ನು ಆರಿಸಿದವು. ಅವೆರಡರಲ್ಲೂ 12ನೇ ಸೀಟು ಖಾಲಿ. ಹಾಕಿದ ಮತವನ್ನೂ ಹೀಗೆಯೇ ಡಿಸ್ಕಿಗೆ ಬರೆಯಬೇಕು. ಇಲ್ಲವಾದರೆ ಕರೆಂಟು ಬಂದ ಮೇಲೆ ಅದೇ ಯಂತ್ರ ಅದೇ ಅವಧಿಗೆ ಇನ್ನೊಬ್ಬರಿಗೂ ಮತ ಹಾಕಿ ಇಬ್ಬರು ನಾಯಕರನ್ನು ಕೂರಿಸೀತು.

‘ಹೀಗೆ ಮೂರು ಯಂತ್ರಗಳಿದ್ದರೆ ಒಂದರ ದೋಷವನ್ನು ತಾಳಿಕೊಳ್ಳಬಹುದು.’

ಯಾವ ದೋಷ? ಬಾಯಿ ಮುಚ್ಚಿಕೊಂಡದ್ದೋ, ಸುಳ್ಳು ಹೇಳುವುದೋ? ಸುಮ್ಮನೆ ನಿಲ್ಲುವ ಯಂತ್ರವಾದರೆ ನಿಮ್ಮ ಲೆಕ್ಕ ಸರಿ: ಮೂರಕ್ಕೆ ಒಂದು, ಐದಕ್ಕೆ ಎರಡು. ನಾಲ್ಕಿಟ್ಟರೂ ಒಂದೇ, ಏಕೆಂದರೆ ನಾಲ್ಕರ ಬಹುಮತ ಮೂರು. ಆದರೆ ಕೊನೆಯಲ್ಲಿ ನೀವು ಬೈಜಾಂಟಿಯಮ್ಮಿನ ದ್ರೋಹಿ ದಂಡನಾಯಕರ ಕಥೆಗೆ (ಸುಳ್ಳು ಸಂದೇಶ ಕಳಿಸುವ ಯಂತ್ರಗಳಿಗೆ ಸಂಶೋಧಕರು ಕೊಟ್ಟ ರೂಪಕ ಅದು) ಹಾರಿ ಅದೇ ಮೂರನ್ನು ಅಲ್ಲಿಗೂ ಒಯ್ದಿದ್ದೀರಿ. ಅಲ್ಲಿ ಮೂರು ಸಾಲದು. ಸಹಿ ಇಲ್ಲದ ಸಂದೇಶಗಳಿಂದ ಒಬ್ಬ ಸುಳ್ಳುಗಾರನನ್ನು ತಾಳಲು ನಾಲ್ಕು ಬೇಕು, ಇಬ್ಬರಿಗೆ ಏಳು ಎಂದು ಸಂಶೋಧಕರಾದ ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ 1980ರಲ್ಲೇ ಸಾಧಿಸಿದ್ದರು. ದಂಡನಾಯಕರ ಕಥೆ ಬಂದದ್ದು 1982ರಲ್ಲಿ. ಅವರು ಸಾಧಿಸಿದ ದಾರಿ ಬೇರೆ. ಸಂದೇಶ ಎಷ್ಟು ತಡವಾದೀತೆಂದು ಗೊತ್ತಿಲ್ಲದ ನಮ್ಮ ಯಂತ್ರಗಳಿಗೂ ನಾಲ್ಕೇ ಏಕೆ ಬೇಕೆಂಬುದನ್ನು ಬೆರಳು ಮಡಚಿ ಎಣಿಸಬಹುದು. ನಾಲ್ವರಲ್ಲಿ ಒಬ್ಬರು ಉತ್ತರಿಸದೆ ಇರಬಹುದಾದ್ದರಿಂದ ಮೂವರ ಮಾತಿಗಷ್ಟೇ ಕಾಯಬಹುದು. ನಾಲ್ವರಿಂದ ಮೂವರಿರುವ ಯಾವ ಎರಡು ಗುಂಪುಗಳನ್ನು ಹಿಡಿದರೂ ಕನಿಷ್ಠ ಇಬ್ಬರು ಎರಡರಲ್ಲೂ ಇರುತ್ತಾರೆ. ಅವರಲ್ಲಿ ಒಬ್ಬ ಸುಳ್ಳನಾದರೂ ಇನ್ನೊಬ್ಬರು ನಂಬಿಕಸ್ಥರು. ಮೂವರೇ ಇದ್ದರೆ ಇಬ್ಬರಿಗೆ ಕಾಯಬೇಕು. ಅಂಥ ಎರಡು ಜೋಡಿಗಳಿಗೆ ಸಮಾನವಾಗಿ ಒಬ್ಬನೇ ಸಿಗಬಹುದು, ಸುಳ್ಳನೂ ಅವನೇ ಇರಬಹುದು.

ಉಳಿದ ಪುಟಗಳನ್ನು ಈಗ ಮುಟ್ಟುವುದಿಲ್ಲ. ಶೀರ್ಷಿಕೆಯನ್ನು ನಾನೇ ಬದಲಾಯಿಸುತ್ತೇನೆ. ಎರಡನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಪ್ರತಿ ಕ್ರಿಯಾಪದದ ಹಿಂದೆಯೂ ಒಂದು ಯಂತ್ರದ ಹೆಸರಿರಲಿ: ಪೀಣ್ಯ ಕಳಿಸಿತು, ವೈಟ್‌ಫೀಲ್ಡ್ ಡಿಸ್ಕಿಗೆ ಬರೆದು ಒಪ್ಪಿತು, ಎಲೆಕ್ಟ್ರಾನಿಕ್ ಸಿಟಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಸಂಪಾದಕ
ಬೆಂಗಳೂರು